ಡ್ರೂಪಲ್ ಏಳಕ್ಕೆ ಎಳ್ಳುನೀರು

ಡ್ರೂಪಲ್ ಅನ್ನೋದು ವೆಬ್‌ಸೈಟು ಕಟ್ಟೋಕೆ ಬಳಸೋ ತಂತ್ರಾಂಶ. 2025ರ ಜನವರಿ 5ಕ್ಕೆ ಅದರ 7ನೇ ಆವೃತ್ತಿಯ ಆಯಸ್ಸು ಮುಗಿಯಿತು. ಅದು ಬಿಡುಗಡೆಯಾದದ್ದೂ ಜನವರಿ 5ರಂದೇ, 2011ರಲ್ಲಿ. ಇನ್ನು ಮೇಲೆ ಅದರಲ್ಲಿ ಕಳ್ಳರು ನುಗ್ಗೋ ತೂತು ಕಂಡರೆ ಮುಚ್ಚೋ ಜವಾಬ್ದಾರಿ ಅದನ್ನು ಮಾಡಿದವರದ್ದಲ್ಲ ಅಂತ ಅರ್ಥ. ಮೊದಲು 2021ರ ನವೆಂಬರಿಗೇ ನಿಲ್ಲಿಸ್ತೀವಿ ಅಂದಿದ್ದರು. ಕೊರೊನಾ ಬಂತು ಅಂತ 2022ಕ್ಕೆ ಹೋಯಿತು, ಆಮೇಲೆ 2023ಕ್ಕೆ, ಕೊನೆಗೆ 2025ಕ್ಕೆ. ಇಷ್ಟು ಸಲ ವಾಯಿದೆ ಕೊಟ್ಟಿದ್ದು ಯಾಕೆ ಅಂದರೆ ಬಿಟ್ಟು ಹೋಗೋರೇ ಇರಲಿಲ್ಲ. ಡ್ರೂಪಲ್ 8, 9, 10 ಎಲ್ಲಾ ಬಂದರೂ ಲಕ್ಷಗಟ್ಟಲೆ ಸೈಟುಗಳು ಏಳರಲ್ಲೇ ಕಾಲು ಚಾಚಿಕೊಂಡು ಕೂತಿದ್ದವು. ಅವುಗಳಲ್ಲಿ ಒಂದು ಮಂಡ್ಯದ್ದು. ಕಟ್ಟಿಕೊಟ್ಟವಳು ನಾನು.

ಮಂಡ್ಯದಲ್ಲಿ ಹಿರಿಯರದೊಂದು ಬಳಗ ಇದೆ. ಹೆಚ್ಚಿನವರು ರಿಟೈರ್ ಆದ ಮೇಷ್ಟ್ರುಗಳು, ಒಬ್ಬಿಬ್ಬರು ಬ್ಯಾಂಕಿನಲ್ಲಿದ್ದವರು. ನಾಗಮಂಗಲ, ಕೆ.ಆರ್. ಪೇಟೆ, ಮಳವಳ್ಳಿ ಕಡೆ ಹಳ್ಳಿ ಹಳ್ಳಿ ಸುತ್ತಿ ಸೋಬಾನೆ ಪದ, ರಾಗಿ ಬೀಸೋ ಪದ, ಕೋಲಾಟದ ಪದ ಬರೆದುಕೊಂಡು ಬರ್ತಾರೆ. ಹಾಡಿದವರು ಯಾರು, ಯಾವ ಊರು, ಯಾವ ಹೋಬಳಿ, ಮದುವೇಲಿ ಯಾವ ಶಾಸ್ತ್ರಕ್ಕೆ ಹಾಡೋದು, ಇದೇ ಪದ ಪಕ್ಕದ ತಾಲ್ಲೂಕಿನಲ್ಲಿ ಹೇಗಿದೆ, ಇಷ್ಟೂ ಬೇರೆ ಬೇರೆ ಖಾನೆಗಳಲ್ಲಿ ತುಂಬಬೇಕು, ಆಮೇಲೆ ಹೇಗೆ ಬೇಕಾದರೂ ಹುಡುಕೋಕೆ ಆಗಬೇಕು. ಡ್ರೂಪಲ್ 7ಕ್ಕೆ ಇದು ಹೇಳಿ ಮಾಡಿಸಿದ ಕೆಲಸ. ಖಾನೆಗಳನ್ನು ನಾವೇ ಮಾಡಿಕೊಳ್ಳಬಹುದು, 'ವ್ಯೂಸ್' ಅನ್ನೋ ಮಾಡ್ಯೂಲ್ (ಮೂಲ ತಂತ್ರಾಂಶಕ್ಕೆ ಆಮೇಲೆ ಸೇರಿಸಿಕೊಳ್ಳೋ ತುಂಡು) ಹಾಕಿಕೊಂಡರೆ ಒಂದು ಸಾಲು ಕೋಡ್ ಬರೆಯದೆ 'ಮಳವಳ್ಳಿ ತಾಲ್ಲೂಕಿನ ಎಲ್ಲಾ ಆರತಿ ಪದ' ಅಂತ ಪಟ್ಟಿ ತೆಗೀಬಹುದು.

ಸೈಟು ಬದಲಾಯಿಸಬೇಕು ಅಂತ ನಾನು ಹೇಳಿದಾಗ ಬಳಗದ ಕಾರ್ಯದರ್ಶಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಕಣಮ್ಮ, ನಾವೇನೂ ಅದನ್ನ ಮುಟ್ಟಿಲ್ಲವಲ್ಲ. ಪದ ಹಳೇದಿರಬೌದು, ಸೈಟು ಅದೆಂಗೆ ಹಳೇದಾಯ್ತು?" ಅಂದರು. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಹೇಳೋಕೆ ಆಗಲಿಲ್ಲ. ಇಲ್ಲಿ ಬರೀತಿದ್ದೀನಿ.

ನನ್ನ ಕಸುಬಿನ ಬಗ್ಗೆ ಮೊದಲು ಒಂದೆರಡು ಮಾತು. ಮೈಸೂರಿನ ಸರಸ್ವತಿಪುರದಲ್ಲಿ ಜೆರಾಕ್ಸ್ ಅಂಗಡಿ ಮೇಲಿನ ಒಂದು ರೂಮು, ಎರಡು ಕಂಪ್ಯೂಟರ್, ಒಬ್ಬಳು ಹುಡುಗಿ ಕೆಲಸಕ್ಕೆ. ಗೋಕುಲಂನಲ್ಲಿ ಯೋಗ ಕಲಿಯೋಕೆ ಬರೋ ವಿದೇಶೀಯರಿಗೆ ರೂಮು ಬಾಡಿಗೆಗೆ ಕೊಡೋರು, ದಸರಾ ಹೊತ್ತಿಗೆ ಮಾತ್ರ ಎಚ್ಚರಾಗೋ ಹೋಂಸ್ಟೇಗಳು, ಪಾಂಡವಪುರದ ಕಡೆ ಆಲೆಮನೆ ಇಟ್ಟುಕೊಂಡು ಬೆಲ್ಲ ಕಳಿಸೋ ಗೌಡರು, ಎರಡು ಕಲ್ಯಾಣ ಮಂಟಪ, ಇವರು ನನ್ನ ಗಿರಾಕಿಗಳು. ಅದಕ್ಕೂ ಮುಂಚೆ ನಾನು ಮಂಡ್ಯದ ಒಂದು ಪ್ರೆಸ್ಸಿನಲ್ಲಿ ಡಿಟಿಪಿ ಆಪರೇಟರ್. ಪೇಜ್‌ಮೇಕರ್ ತೆರೆದು ನುಡಿ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಟೈಪ್ ಮಾಡ್ತಿದ್ದೆ. ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳಲ್ಲ. ಇದನ್ನು ಹೇಳೋಕೆ ಕಾರಣ ಇದೆ. ಈ ತಂತ್ರಾಂಶಗಳು ಬೆಳೆದದ್ದು ಎಂಜಿನಿಯರುಗಳಿಂದ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅರ್ಧ ಮಾತ್ರ ನಿಜ. ಇನ್ನರ್ಧ ನನ್ನಂಥವರಿಂದ.

ಡ್ರೂಪಲ್ ಶುರುವಾದದ್ದೇ ಒಂದು ಹಾಸ್ಟೆಲ್ ಜಗಲಿ ಹರಟೆಯಿಂದ. 2000ನೇ ಇಸವಿ, ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯ. ಇಂಟರ್ನೆಟ್ ದುಬಾರಿ. ಹಾನ್ಸ್ ಸ್ನೈಡರ್ ಅನ್ನೋ ಹುಡುಗನ ಹತ್ತಿರ ಒಂದು ಎಡಿಎಸ್‌ಎಲ್ ಮೋಡೆಮ್ ಇತ್ತು. ಅವನೂ ಡ್ರೀಸ್ ಬಾಯ್ಟಾರ್ಟ್ ಅನ್ನೋನೂ ಸೇರಿ ವೈರ್‌ಲೆಸ್ ಹಾಕಿ ಎಂಟು ಜನ ಅದನ್ನೇ ಹಂಚಿಕೊಂಡರು. ಸಂಪರ್ಕ ಆಯಿತು, ಮಾತಾಡೋಕೆ ಜಾಗ ಬೇಕಲ್ಲ. ಎಲ್ಲಿ ಊಟಕ್ಕೆ ಸೇರೋದು, ನೆಟ್ ಯಾಕೆ ಹೋಯಿತು, ಇಂಥದ್ದನ್ನು ಬರೆದುಕೊಳ್ಳೋಕೆ ಡ್ರೀಸ್ ಒಂದು ಪುಟ್ಟ ಸುದ್ದಿ ಹಲಗೆ ಮಾಡಿದ. 2001ರ ಜನವರಿಯಲ್ಲಿ ಅದರ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟ.

ವರ್ಡ್‌ಪ್ರೆಸ್ಸಿನ ಕಥೆ ಇನ್ನೂ ವಿಚಿತ್ರ. ಅದೂ ಡ್ರೂಪಲ್ ಥರಾನೇ ಸೈಟು ಕಟ್ಟೋ ತಂತ್ರಾಂಶ. 2001ರಲ್ಲಿ ಮಿಶೆಲ್ ವಾಲ್ಡ್ರಿಗಿ ಅನ್ನೋರು 'ಬಿ2' ಅಂತ ಒಂದು ಬ್ಲಾಗ್ ತಂತ್ರಾಂಶ ಬರೆದಿದ್ದರು. ಸ್ವಲ್ಪ ಕಾಲ ಆದಮೇಲೆ ಅವರ ಸದ್ದೇ ಇಲ್ಲ. ಅದನ್ನೇ ನಂಬಿಕೊಂಡಿದ್ದವರು ಪಡಿಪಾಟಲು ಪಟ್ಟರು. 2003ರ ಜನವರಿಯಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದ ಮ್ಯಾಟ್ ಮುಲನ್‌ವೆಗ್, ಆಗ ಬರೀ 19 ವರ್ಷ, 'ಬಿ2' ಜಿಪಿಎಲ್ (ಯಾರು ಬೇಕಾದರೂ ತಿದ್ದಿ ಹಂಚಬಹುದು ಅನ್ನೋ) ಪರವಾನಗಿಯಲ್ಲಿದೆ, ಅಲ್ಲಿಂದಲೇ ಕವಲು ಒಡೆದು ಮುಂದುವರಿಸಿದರೆ ಹೇಗೆ ಅಂತ ಬರೆದ. ಇಂಗ್ಲೆಂಡಿನಿಂದ ಮೈಕ್ ಲಿಟಲ್ ಅನ್ನೋರು ನಾನೂ ಕೈ ಜೋಡಿಸ್ತೀನಿ ಅಂದರು. ಮೇ 27ಕ್ಕೆ ಮೊದಲ ಆವೃತ್ತಿ ಹೊರಗೆ ಬಂತು. ಈಗ ಜಗತ್ತಿನ ವೆಬ್‌ಸೈಟುಗಳಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಅದರ ಮೇಲೆ ನಿಂತಿವೆ. ಜೂಮ್ಲಾ ಅನ್ನೋ ಇಂಥದೇ ಇನ್ನೊಂದು ತಂತ್ರಾಂಶ ಕೂಡ ಹೀಗೇ, ಮ್ಯಾಂಬೋ ಅನ್ನೋದನ್ನು ಬರೆಯುತ್ತಿದ್ದವರು ಅದರ ಮಾಲೀಕತ್ವದ ವಿಷಯಕ್ಕೆ ಮುನಿಸಿಕೊಂಡು 2005ರಲ್ಲಿ ಎದ್ದು ಬಂದು ಕಟ್ಟಿದ್ದು. ಅದರ ಸುದ್ದಿ ಇಲ್ಲಿಗೆ ಸಾಕು, ನಾನು ಅದರಲ್ಲಿ ಹೆಚ್ಚು ಕೆಲಸ ಮಾಡಿಲ್ಲ.

ಪುಕ್ಕಟೆ ಸಿಗೋದರಿಂದ ಇವು ಬೆಳೆದವು ಅನ್ನೋದು ಎಲ್ಲರ ಬಾಯಲ್ಲೂ ಬರೋ ಉತ್ತರ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಪುಕ್ಕಟೆ ತಂತ್ರಾಂಶ ಆಗ ಬೇಕಾದಷ್ಟು ಇತ್ತು, ಮುಕ್ಕಾಲುಪಾಲು ಹೆಸರಿಲ್ಲದೆ ಹೋದವು. ದುಡ್ಡಿನ ಪಾತ್ರ ಇಲ್ಲ ಅಂತಲ್ಲ. 2004ರ ಮೇ ತಿಂಗಳಲ್ಲಿ ಮೂವಬಲ್ ಟೈಪ್ ಅನ್ನೋ ಆಗಿನ ದೊಡ್ಡ ಬ್ಲಾಗ್ ತಂತ್ರಾಂಶ ಪರವಾನಗಿ ಬದಲಾಯಿಸಿ ದರಪಟ್ಟಿ ಹಾಕಿದಾಗ ಜನ ಗಂಟುಮೂಟೆ ಕಟ್ಟಿ ವರ್ಡ್‌ಪ್ರೆಸ್ಸಿಗೆ ಬಂದರು. ಬಂದವರು ಅಲ್ಲೇ ಉಳಿದದ್ದಕ್ಕೆ ಮಾತ್ರ ಕಾರಣ ಬೇರೆ. ಅದೇ ತಿಂಗಳು ಬಂದ ವರ್ಡ್‌ಪ್ರೆಸ್ 1.2ರಲ್ಲಿ ಪ್ಲಗಿನ್, ಅಂದರೆ ಮಾಡ್ಯೂಲಿನ ಹಾಗೆ ಹೊರಗಿಂದ ಸೇರಿಸೋ ತುಂಡುಗಳ ವ್ಯವಸ್ಥೆ ಇತ್ತು. ಅದಕ್ಕೆ ಮುಂಚೆ ಏನಾದರೂ ಹೊಸದು ಸೇರಿಸಬೇಕಾದರೆ 'ಮೈ ಹ್ಯಾಕ್ಸ್' ಅನ್ನೋ ಒಂದೇ ಕಡತದೊಳಗೆ ಎಲ್ಲವನ್ನೂ ತುರುಕಬೇಕಿತ್ತು. ಇಬ್ಬರು ಬರೆದದ್ದನ್ನು ಒಟ್ಟಿಗೆ ಹಾಕೋಕೆ ಹೋದರೆ ಒಂದಕ್ಕೊಂದು ಕಚ್ಚಾಡೋವು. ಪ್ಲಗಿನ್ ಬಂದಮೇಲೆ ಮೂಲ ತಂತ್ರಾಂಶ ತನ್ನ ಕೆಲಸದ ಮಧ್ಯೆ ಅಲ್ಲಲ್ಲಿ ನಿಂತು 'ಇಲ್ಲಿ ಯಾರಾದರೂ ಏನಾದರೂ ಮಾಡೋದಿದೆಯಾ?' ಅಂತ ಕೇಳಿ ಮುಂದಕ್ಕೆ ಹೋಗುತ್ತೆ. ಇದಕ್ಕೆ ಹುಕ್ ಅಂತಾರೆ. ಡ್ರೂಪಲ್‌ನಲ್ಲಿ ಇದು ಮೊದಲಿಂದಲೂ ಇತ್ತು. ನಮ್ಮ ಫಂಕ್ಷನ್ನಿಗೆ ಸರಿಯಾದ ಹೆಸರಿಟ್ಟರೆ ಸಾಕು, ಡ್ರೂಪಲ್ ತಾನಾಗೇ ಹುಡುಕಿ ಕರೆಯುತ್ತಿತ್ತು.

ನಮ್ಮ ಕಡೆಯವರಿಗೆ ಇದನ್ನು ವಿ.ಸಿ. ನಾಲೆ ತೂಬಿನ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತೆ. ನಾಲೆ ತೋಡಿದವರಿಗೆ ಯಾವ ಗದ್ದೇಲಿ ಯಾರು ಏನು ಬೆಳೀತಾರೆ ಅಂತ ಗೊತ್ತಿರಲಿಲ್ಲ, ಗೊತ್ತಿರಬೇಕಾಗೂ ಇರಲಿಲ್ಲ. ಉದ್ದಕ್ಕೂ ತೂಬು ಬಿಟ್ಟುಕೊಂಡು ಹೋದರು. ಅಲ್ಲಿಂದ ಆಚೆಗೆ ಕಾಲುವೆ ಎಳೆದುಕೊಂಡವರು ರೈತರು. ತೂಬಿನ ಮಟ್ಟ ನೋಡಿಕೊಂಡು ಗದ್ದೆ ಮಟ್ಟ ಮಾಡಿಕೊಂಡರು. ನಾಳೆ ಯಾರೋ ನೀರಾವರಿ ಎಂಜಿನಿಯರ್ ಬಂದು, ನಾಲೆಯ ವಿನ್ಯಾಸ ಹಳೇ ಕಾಲದ್ದು, ಎರಡಡಿ ಕೆಳಗೆ ಇಳಿಸ್ತೀವಿ, ನೀರು ಇನ್ನೂ ಚೆನ್ನಾಗಿ ಹರಿಯುತ್ತೆ ಅಂದರೆ ಅವರ ಲೆಕ್ಕ ಸರಿಯೇ ಇರಬಹುದು. ಗದ್ದೆಗಳ ಗತಿ?

ಡ್ರೂಪಲ್ 8ರಲ್ಲಿ ಆದದ್ದು ಇದೇ. 2015ರ ನವೆಂಬರಿನಲ್ಲಿ ಅದು ಬಂದಾಗ ಒಳಗಿದ್ದದ್ದೆಲ್ಲಾ ಹೊಸದು. ಸಿಂಫನಿ ಅನ್ನೋ ಇನ್ನೊಂದು ಪಿಎಚ್‌ಪಿ (ಈ ತಂತ್ರಾಂಶಗಳನ್ನು ಬರೆದಿರೋ ಕಂಪ್ಯೂಟರ್ ಭಾಷೆ) ಚೌಕಟ್ಟಿನ ಭಾಗಗಳನ್ನು ತಂದರು, ಪುಟದ ವಿನ್ಯಾಸಕ್ಕೆ ಟ್ವಿಗ್ ಬಂತು, ಸೆಟ್ಟಿಂಗ್‌ಗಳು ಯಾಮಲ್ ಕಡತಗಳಿಗೆ ಹೋದವು, ಬರಬರುತ್ತಾ ಕಂಪೋಸರ್ (ಬೇಕಾದ ಕೋಡನ್ನೆಲ್ಲಾ ತಂದು ಜೋಡಿಸೋ ಸಲಕರಣೆ) ಇಲ್ಲದೆ ಕೈ ಆಡಿಸೋ ಹಾಗೇ ಇಲ್ಲ ಅನ್ನೋ ಸ್ಥಿತಿ. ಕೋಡ್ ನೋಡಿದರೆ ಅಂದವಾಗಿದೆ, ನಾನು ಸುಳ್ಳು ಹೇಳೋಲ್ಲ. ವ್ಯೂಸ್ ಮೂಲದೊಳಕ್ಕೇ ಬಂತು. ಬಹುಭಾಷೆಯ ಸವಲತ್ತು ಮೊದಲಿಗಿಂತ ಎಷ್ಟೋ ಪಾಲು ಚೆಂದ. ಆದರೆ ಏಳರಿಂದ ಎಂಟಕ್ಕೆ ಹೋಗೋದು ಅಂದರೆ ಅಪ್‌ಡೇಟ್ ಅಲ್ಲ. ಹೊಸ ಸೈಟು ಕಟ್ಟಿ, ಹಳೇ ಸೈಟಿನ ಸಾಮಾನು ಅಲ್ಲಿಗೆ ಸಾಗಿಸಬೇಕು. ಏಳಕ್ಕೆ ಬರೆದಿದ್ದ ಮಾಡ್ಯೂಲುಗಳು, ಥೀಮುಗಳು ಒಂದೂ ಓಡೋಲ್ಲ, ಮತ್ತೆ ಬರೀಬೇಕು. ಬರೆದಿದ್ದವರಲ್ಲಿ ಎಷ್ಟೋ ಜನ ಸಂಜೆ ಬಿಡುವಿನಲ್ಲಿ ಬರೆದಿದ್ದವರು. ಅವರಿಗೆ ಮತ್ತೊಂದು ಸಲ ಬಿಡುವು ಸಿಗಲಿಲ್ಲ.

ನನ್ನಂಥವಳ ಪಾಡು ಇನ್ನೂ ಬೇರೆ. ಏಳರಲ್ಲಿ ಒಂದು ಮಾಡ್ಯೂಲ್ ಬೇಕಾದರೆ ಜಿಪ್ ಕಡತ ಇಳಿಸಿಕೊಂಡು, ಬಿಚ್ಚಿ, ಎಫ್‌ಟಿಪಿಯಲ್ಲಿ ಸರ್ವರಿಗೆ ಏರಿಸಿದರೆ ಮುಗೀತು. ಗಿರಾಕಿಗಳು ತಗೊಳ್ಳೋದು ವರ್ಷಕ್ಕೆ ಒಂದೆರಡು ಸಾವಿರದ ಹೋಸ್ಟಿಂಗ್, ಅಂದರೆ ಸೈಟು ಇಡೋಕೆ ಬಾಡಿಗೆ ಜಾಗ. ಅದರಲ್ಲಿ ಕಮಾಂಡ್ ಲೈನ್ (ಆದೇಶ ಟೈಪ್ ಮಾಡಿ ಸರ್ವರ್ ನಡೆಸೋ ಸೌಕರ್ಯ) ಕೊಡೋದಿಲ್ಲ, ಮೆಮೊರಿ ಕಡಿಮೆ. ಕಂಪೋಸರ್ ಓಡಿಸೋಕೆ ಹೋದರೆ ಅರ್ಧಕ್ಕೇ ಸತ್ತುಬೀಳುತ್ತೆ. ಪಾಂಡವಪುರದ ಗೌಡರಿಗೆ 'ನಿಮ್ಮ ಬೆಲ್ಲದ ಸೈಟಿಗೆ ದೊಡ್ಡ ಸರ್ವರ್ ತಗೊಳ್ಳಿ' ಅನ್ನೋಕೆ ಆಗುತ್ತಾ? "ಒಸಿ ಇರವ್ವ, ಬೆಲ್ಲದ ರೇಟೇ ಎದ್ದಿಲ್ಲ" ಅಂತಾರೆ.

ಡ್ರೂಪಲ್‌ನವರಿಗೆ ಇದೆಲ್ಲಾ ಗೊತ್ತಿರಲಿಲ್ಲ ಅಂತಲ್ಲ, ಅವರದು ತಿಳಿದೇ ಇಟ್ಟ ಹೆಜ್ಜೆ. 2009ರಲ್ಲೇ ಅಮೆರಿಕದ ವೈಟ್‌ಹೌಸ್ ಸೈಟು ಡ್ರೂಪಲ್‌ಗೆ ಬಂದಿತ್ತು. ಸರಕಾರಗಳು, ವಿಶ್ವವಿದ್ಯಾಲಯಗಳು, ದೊಡ್ಡ ಸಂಸ್ಥೆಗಳು ಬಾಗಿಲಲ್ಲಿ ನಿಂತಿದ್ದವು. ಅವರಿಗೆ ಬೇಕಾದ ಹಾಗೆ ತಿರುಗಿತು, ಅಲ್ಲಿ ಗೆದ್ದಿತು ಕೂಡ. ಆಮೇಲೆ ಪಾಠವನ್ನೂ ಕಲಿತರು. 2020ರಲ್ಲಿ 8ರಿಂದ 9ಕ್ಕೆ ಹೋದವರಿಗೆ ಹೆಚ್ಚು ತ್ರಾಸವಾಗಲಿಲ್ಲ, ಬಳಸಬೇಡಿ ಅಂತ ಮೊದಲೇ ಗುರುತು ಹಾಕಿದ್ದನ್ನಷ್ಟೇ ತೆಗೆದರು. ಆದರೆ ನಾಲೆ ಕೊನೇ ಭಾಗದವರು ಆ ಹೊತ್ತಿಗೆ ಬೋರ್‌ವೆಲ್ ಕೊರೆಸಿಕೊಂಡು ಆಗಿತ್ತು.

ವರ್ಡ್‌ಪ್ರೆಸ್ ಇದಕ್ಕೆ ತದ್ವಿರುದ್ಧ. ಅದರ ಒಳಗೆ 'ಡೆಪ್ರಿಕೇಟೆಡ್' ಅಂತಲೇ ಒಂದು ಕಡತ ಇದೆ. ಇನ್ನು ಬಳಸಬೇಡಿ ಅಂತ ಹೇಳಿದ ಹಳೇ ಫಂಕ್ಷನ್ನುಗಳೆಲ್ಲಾ ಅಲ್ಲಿ ಜೀವ ಹಿಡಿದುಕೊಂಡಿವೆ, 2005ರ ಕಾಲದವೂ ಸೇರಿ. ಯಾರೋ ಎಲ್ಲೋ ಇನ್ನೂ ಕರೀತಿರಬಹುದು ಅನ್ನೋ ಒಂದೇ ಕಾರಣಕ್ಕೆ. ಪಿಎಚ್‌ಪಿ 5.2ನ್ನು ಅದರ ತಯಾರಕರೇ 2011ರ ಜನವರಿಯಲ್ಲಿ ಕೈಬಿಟ್ಟರು. ವರ್ಡ್‌ಪ್ರೆಸ್ 2019ರ ಮೇವರೆಗೂ ಅದರ ಮೇಲೆ ಓಡ್ತಿತ್ತು. ಬಲ್ಲವರು ನಗ್ತಿದ್ದರು, ಇದೇನು ಗುಜರಿ ಅಂಗಡಿ ಅಂತ. ಆ ಗುಜರಿಯಿಂದಲೇ ಸರಸ್ವತಿಪುರದ ರೂಮಿನ ಬಾಡಿಗೆ ಕಟ್ಟಿದ್ದೀನಿ. ನನ್ನ ಮನಸ್ಸಿದ್ದದ್ದು ಡ್ರೂಪಲ್ ಮೇಲೆ, ಹೊಟ್ಟೆ ಹೊರೆದದ್ದು ವರ್ಡ್‌ಪ್ರೆಸ್. 2012ರ ಸುಮಾರಿಗೆ ಮಾಡಿಕೊಟ್ಟ ಒಂದು ಕಲ್ಯಾಣ ಮಂಟಪದ ಸೈಟು ಅದೇ ಥೀಮಿನಲ್ಲಿ ಇವತ್ತೂ ನಡೀತಿದೆ. ಮಂಟಪದ ಬಣ್ಣ ಬದಲಾಗಿದೆ, ಸೈಟಿನ ಬಣ್ಣ ಹಾಗೇ ಇದೆ.

ಹಳೇದನ್ನು ಉಳಿಸಿಕೊಂಡರೆ ಹಳೇ ದೋಷವೂ ಉಳಿಯುತ್ತೆ, ಅದನ್ನೂ ಹೇಳಬೇಕು. ಕನ್ನಡದಲ್ಲಿ ಬರೆಯೋರಿಗೆ ಇದು ದಿನಾ ತಗಲುತ್ತೆ. ವರ್ಡ್‌ಪ್ರೆಸ್ಸಿನ ಡೇಟಾಬೇಸಿನಲ್ಲಿ ಒಂದು ಬರಹದ ವಿಳಾಸದ ತುಂಡಿಗೆ ಇಟ್ಟಿರೋದು 200 ಜಾಗ. ಇಂಗ್ಲಿಷಿಗೆ ಧಾರಾಳ. ಕನ್ನಡದ ಒಂದೊಂದು ಸಂಕೇತ ಯುಟಿಎಫ್-8ರಲ್ಲಿ (ಎಲ್ಲಾ ಭಾಷೆಯ ಅಕ್ಷರ ಕೂಡಿಡೋ ಪದ್ಧತಿ) 3 ಬೈಟು, ವಿಳಾಸಕ್ಕೆ ಹೋಗುವಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ 3 ಅಕ್ಷರ. ಅಲ್ಲಿಗೆ ಒಂದಕ್ಕೆ 9. ಒತ್ತು, ದೀರ್ಘ, ಅನುಸ್ವಾರ ಎಲ್ಲಾ ಪ್ರತ್ಯೇಕ ಲೆಕ್ಕ. 'ಶ್ರೀರಂಗಪಟ್ಟಣ' ಅಂತ ಬರೆದರೆ 12 ಸಂಕೇತ, 108 ಜಾಗ. ಒಂದು ಊರ ಹೆಸರಿಗೇ ಅರ್ಧಕ್ಕಿಂತ ಹೆಚ್ಚು ಹೋಯಿತು! 22 ಸಂಕೇತಕ್ಕೆ ಕತ್ತರಿ. ಶೀರ್ಷಿಕೆ ಉದ್ದ ಇದ್ದರೆ ವಿಳಾಸ ಮಧ್ಯದಲ್ಲೇ ತುಂಡಾಗುತ್ತೆ. ಅದಕ್ಕೇ ನಾನು ಗಿರಾಕಿಗಳ ಸೈಟಿನಲ್ಲಿ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡೋದು.

ಇನ್ನೊಂದು ಹಳೇ ಸಂಕಟ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ನಾನು ನುಡಿ ಬಿಟ್ಟು ಯೂನಿಕೋಡಿಗೆ (ಎಲ್ಲಾ ಭಾಷೆಗೂ ಒಂದೇ ಅಕ್ಷರ ಸಂಕೇತ ಪಟ್ಟಿ) ಬಂದ ಹೊಸತರಲ್ಲಿ, ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದರೂ ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಅನ್ನೋದಕ್ಕೆ ಗುರುತು ಹಾಕಿ ಸಿಡಿ ಹಾಕಬೇಕಿತ್ತು. ನೆಟ್ ಸೆಂಟರಿನವರು ಸಿಡಿ ಇಲ್ಲ ಅಂತ ಕೈ ಎತ್ತೋರು. ಅದನ್ನು ದಾಟಿಕೊಂಡು ಸೈಟು ಮಾಡಿದರೆ, ಹಳೇ ವರ್ಡ್‌ಪ್ರೆಸ್ ಕನ್ನಡವನ್ನು ಲ್ಯಾಟಿನ್-1 (ಯುರೋಪಿನ ಭಾಷೆಗಳ ಅಕ್ಷರ ಪದ್ಧತಿ) ಅಂತ ಗುರುತಿದ್ದ ಟೇಬಲ್ಲುಗಳಲ್ಲಿ ತುಂಬಿಡ್ತಿತ್ತು. ಅಲ್ಲಿರೋವರೆಗೆ ತೊಂದರೆ ಇಲ್ಲ. ಬೇರೆ ಸರ್ವರಿಗೆ ಸಾಗಿಸಿದ ಕೂಡಲೆ ಪುಟದ ತುಂಬಾ ತಲೆ ಮೇಲೆ ಗೀಟಿರೋ ಇಂಗ್ಲಿಷ್ ಎ ಅಕ್ಷರ, ಅದರ ಹಿಂದೆ ಒಂದು ಪುಟ್ಟ ಎರಡು, ಮತ್ತೆ ಅದೇ, ಮತ್ತೆ ಅದೇ. ಕನ್ನಡದ ಬಹುಪಾಲು ಅಕ್ಷರಗಳು ಒಂದೇ ಜೋಡಿ ಬೈಟುಗಳಿಂದ ಶುರುವಾಗೋದರಿಂದ ಹಾಗೆ. ದಾರಿ ತೋರಿಸಿದ್ದು ಒಬ್ಬ ರಷ್ಯನ್. ಅವನ ಭಾಷೆಗೂ ಅದೇ ಗತಿಯಾಗಿತ್ತು. ಲ್ಯಾಟಿನ್-1 ಅಂತಲೇ ಹೊರಗೆ ತೆಗಿ, ಕಡತದಲ್ಲಿ ಹೆಸರು ತಿದ್ದು, ಯುಟಿಎಫ್-8 ಅಂತ ಒಳಗೆ ಹಾಕು ಅಂತ ಮುರುಕು ಇಂಗ್ಲಿಷಿನಲ್ಲಿ ಬರೆದಿದ್ದ. ನನ್ನದೂ ಮುರುಕೇ, ಚೆನ್ನಾಗಿ ಅರ್ಥ ಆಯಿತು. ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ತಂತ್ರಾಂಶ ಜಗತ್ತಿಗೆಲ್ಲಾ ಹರಡಿದ್ದು ಇಂಥವರು ಪೆಟ್ಟು ತಿಂದು ಬರೆದಿಟ್ಟ ಟಿಪ್ಪಣಿಗಳಿಂದ. ಕನ್ನಡದಲ್ಲೂ ಆ ಕಾಲಕ್ಕೆ ದಾರಿ ಮಾಡಿದವರು ಇದ್ದರು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ಸಂಪದ ಅನ್ನೋ ಕನ್ನಡ ತಾಣ ಡ್ರೂಪಲ್ ಮೇಲೆಯೇ ಕಟ್ಟಿದ್ದು. ಕನ್ನಡದಲ್ಲಿ ಇಷ್ಟೆಲ್ಲಾ ಮಾಡಬಹುದಾ ಅಂತ ನಾನು ಡ್ರೂಪಲ್ ಹೆಸರು ಹುಡುಕಿಕೊಂಡು ಹೋದದ್ದು ಅದನ್ನು ನೋಡಿಯೇ.

ಜವಾಬ್ದಾರಿ ಯಾರದು ಅನ್ನೋ ಮಾತಿಗೆ ಬಂದರೆ ನನಗೆ ನೆನಪಾಗೋದು 2014ರ ಅಕ್ಟೋಬರ್ 15. ದೀಪಾವಳಿಗೆ ಇನ್ನೊಂದು ವಾರ ಇತ್ತು. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆ ಸುಮಾರಿಗೆ ಡ್ರೂಪಲ್ ಭದ್ರತಾ ತಂಡ ಒಂದು ಪ್ರಕಟಣೆ ಹಾಕಿತು. 7.32ಕ್ಕಿಂತ ಹಿಂದಿನ ಏಳರ ಎಲ್ಲಾ ಆವೃತ್ತಿಗಳಲ್ಲೂ ಒಂದು ತೂತು ಇದೆ, ಲಾಗಿನ್ ಕೂಡ ಇಲ್ಲದೆ ಡೇಟಾಬೇಸಿಗೆ ಕೈ ಹಾಕಬಹುದು. ಪತ್ತೆ ಹಚ್ಚಿದವರು ಸ್ಟೆಫಾನ್ ಹಾರ್ಸ್ಟ್ ಅನ್ನೋ ಜರ್ಮನ್. ಸರಿಪಡಿಸಿದ್ದು ಒಂದೇ ಸಾಲಿನಲ್ಲಿ, ಇದ್ದ ಪಟ್ಟಿಯ ಸುತ್ತ ಒಂದು ಫಂಕ್ಷನ್ ಹೆಸರು ಸುತ್ತಿದರು, ಅಷ್ಟೆ. ಎರಡು ವಾರ ಆದಮೇಲೆ ಅದೇ ತಂಡ ಇನ್ನೊಂದು ಮಾತು ಹೇಳಿತು: ಪ್ರಕಟಣೆಯಾದ 7 ಗಂಟೆಯೊಳಗೆ ಸರಿಪಡಿಸಿಕೊಳ್ಳದ ಸೈಟು ಆಗಲೇ ಕಳ್ಳರ ಕೈಗೆ ಹೋಗಿದೆ ಅಂತಲೇ ತಿಳಿದುಕೊಳ್ಳಿ. 7 ಗಂಟೆ ಅಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಇಡೀ ಮೈಸೂರು ಮಲಗಿರೋ ಹೊತ್ತು. ನನ್ನನ್ನು ಬೆಂಗಳೂರಿನ ಒಬ್ಬ ಗೆಳತಿ ರಾತ್ರೀನೇ ಫೋನ್ ಮಾಡಿ ಎಬ್ಬಿಸಿದಳು, ಬಳಗದ ಸೈಟು ಉಳೀತು. ಇದನ್ನು ಕಾಯೋರಿಗೆ ಸಂಬಳ ಯಾರು ಕೊಡ್ತಾರೆ ಅಂತ ಮೇಷ್ಟ್ರು ಒಂದು ಸಲ ಕೇಳಿದ್ದರು. ಕೆಲವರಿಗೆ ಅವರ ಕಂಪನಿ ಕೊಡುತ್ತೆ, ಉಳಿದವರಿಗೆ ಯಾರೂ ಇಲ್ಲ. 2005ರಲ್ಲಿ ಡ್ರೂಪಲ್‌ನ ಸರ್ವರ್ ಭಾರ ತಾಳದೆ ಕೂತಾಗ ಡ್ರೀಸ್ ಪುಟದ ಮೇಲೆ ಸಹಾಯ ಕೇಳಿ ಒಂದು ಚೀಟಿ ಹಾಕಿದ್ದ. ಕೇಳಿದ್ದಕ್ಕಿಂತ ಹೆಚ್ಚೇ ಬಂತು, ಬಳಸುತ್ತಿದ್ದವರ ಜೇಬಿನಿಂದ.

ಯಜಮಾನಿಕೆಯ ಪ್ರಶ್ನೆ ವರ್ಡ್‌ಪ್ರೆಸ್ಸಿನಲ್ಲಿ 2024ರಲ್ಲಿ ಬೀದಿಗೆ ಬಂತು. ಮುಲನ್‌ವೆಗ್‌ಗೂ ಡಬ್ಲ್ಯುಪಿ ಎಂಜಿನ್ ಅನ್ನೋ ಹೋಸ್ಟಿಂಗ್ ಕಂಪನಿಗೂ ಟ್ರೇಡ್‌ಮಾರ್ಕ್ ವಿಷಯಕ್ಕೆ, ಯಾರು ಎಷ್ಟು ಕೊಡುಗೆ ಕೊಟ್ಟರು ಅನ್ನೋ ವಿಷಯಕ್ಕೆ ಜಗಳ. ಸೆಪ್ಟೆಂಬರಿನಲ್ಲಿ, ಮುಲನ್‌ವೆಗ್ ಕೈಯಲ್ಲಿರೋ ವರ್ಡ್‌ಪ್ರೆಸ್ ತಾಣದಿಂದ ಆ ಕಂಪನಿಯಲ್ಲಿದ್ದ ಸೈಟುಗಳಿಗೆ ಪ್ಲಗಿನ್ ಅಪ್‌ಡೇಟ್ ಬರೋದೇ ನಿಂತಿತು. ಅಕ್ಟೋಬರಿನಲ್ಲಿ ಆ ಕಂಪನಿಯ ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ನಿನ ಜಾಗದಲ್ಲಿ ಸೆಕ್ಯೂರ್ ಕಸ್ಟಮ್ ಫೀಲ್ಡ್ಸ್ ಅಂತ ಬೇರೆ ಹೆಸರು ಬಂತು. ಗೌಡರ ಬೆಲ್ಲದ ಸೈಟಿನಲ್ಲಿ ನಾನು ಬಳಸಿದ್ದದ್ದು ಅದನ್ನೇ. ಬೆಳಿಗ್ಗೆ ಡ್ಯಾಶ್‌ಬೋರ್ಡ್ ತೆರೆದು ನೋಡ್ತೀನಿ, ನಾನು ಹಾಕಿದ್ದ ಪ್ಲಗಿನ್ನಿನ ಹೆಸರೇ ಬೇರೆ! ಸೈಟಿಗೆ ಏನೂ ಆಗಿರಲಿಲ್ಲ. ಆದರೂ ಮೈ ಜುಮ್ಮಂದಿತು. ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕೋರ್ಟು ಕಂಪನಿಯ ಪರವಾಗಿ ಮಧ್ಯಂತರ ಆದೇಶ ಕೊಟ್ಟಿತು. ಯಾರ ಕಡೆ ನ್ಯಾಯ ಅಂತ ತೀರ್ಮಾನ ಹೇಳೋ ಅರ್ಹತೆ ನನಗಿಲ್ಲ. ಕೋಡ್ ಎಲ್ಲರದು, ಅದನ್ನು ಹಂಚೋ ಬಾಗಿಲಿನ ಬೀಗದ ಕೈ ಮಾತ್ರ ಒಬ್ಬರ ಸೊಂಟದಲ್ಲಿದೆ ಅನ್ನೋದು ಆವತ್ತು ನಮಗೆಲ್ಲಾ ಗೊತ್ತಾಯಿತು. 2025ರ ಜೂನ್‌ನಲ್ಲಿ ಲಿನಕ್ಸ್ ಫೌಂಡೇಶನ್ ಆಸರೆಯಲ್ಲಿ 'ಫೇರ್' ಅನ್ನೋ ಯೋಜನೆ ಶುರುವಾಯಿತು. ಪ್ಲಗಿನ್ ಹಂಚೋಕೆ ಒಂದೇ ಬಾಗಿಲು ಬೇಡ ಅನ್ನೋರು ಅದನ್ನು ಕಟ್ಟೋಕೆ ಹೊರಟರು.

ಈಗ ಮೇಷ್ಟ್ರ ಸೈಟಿನ ವಿಷಯ. ಹೊಸ ಡ್ರೂಪಲ್‌ಗೆ ಹೋಗೋಣ ಅಂದರೆ ಹೋಸ್ಟಿಂಗ್ ಖರ್ಚು ಬಳಗದ ಚಂದಾಗೆ ಮೀರಿದ್ದು. ವರ್ಡ್‌ಪ್ರೆಸ್ಸಿಗೆ ಹಾಕಿದರೆ ಅಷ್ಟು ಖಾನೆಗಳನ್ನು ನಾಲ್ಕು ಪ್ಲಗಿನ್ ಸೇರಿಸಿ ತೇಪೆ ಹಾಕಬೇಕು, ಆ ಜಗಳ ನೋಡಿದಮೇಲೆ ಹಾಗೆ ಮಾಡೋಕೆ ಮನಸ್ಸು ಬರಲಿಲ್ಲ. ಉಳಿದದ್ದು ಬ್ಯಾಕ್‌ಡ್ರಾಪ್. ಡ್ರೂಪಲ್ 8 ಹಿಡಿದ ದಾರಿ ನಮಗೆ ಬೇಡ ಅಂತ ಏಳರಿಂದಲೇ ಕವಲೊಡೆದು ಒಂದು ಸಣ್ಣ ಗುಂಪು 2015ರ ಜನವರಿಯಲ್ಲಿ ಅದನ್ನು ಬಿಡುಗಡೆ ಮಾಡಿತು. ಹುಕ್ಕುಗಳು ಹಳೇವೇ, ವ್ಯೂಸ್ ಒಳಗೇ ಇದೆ, ಅಗ್ಗದ ಹೋಸ್ಟಿಂಗಿನಲ್ಲಿ ಓಡುತ್ತೆ. ಏಳರ ಡೇಟಾಬೇಸನ್ನು ತೋರಿಸಿ ಅಪ್‌ಡೇಟ್ ಒತ್ತಿದರೆ ಖಾನೆಗಳು, ಬಳಕೆದಾರರು, ಬರಹಗಳು ಹಾಗ್ಹಾಗೇ ಬರುತ್ತವೆ. ಸೆಟ್ಟಿಂಗ್‌ಗಳು ಮಾತ್ರ ಡೇಟಾಬೇಸಿನಿಂದ ಜೇಸನ್ ಕಡತಗಳಿಗೆ ಹೋಗುತ್ತವೆ. ಮೊದಲು ಒಂದು ನಕಲು ಸೈಟಿನ ಮೇಲೆ ಮಾಡಿ ನೋಡಿದೆ. ಪಟ್ಟಿಗಳಲ್ಲಿ ಒಂದೆರಡು ಎಡವಟ್ಟು ಬಿಟ್ಟರೆ ಎಲ್ಲಾ ಬಂತು. ಮೇಷ್ಟ್ರಿಗೆ ತೋರಿಸಿದೆ. ಲಾಗಿನ್ ಆಗಿ, ಕೊಪ್ಪಲಿನ ಒಬ್ಬ ಅಜ್ಜಿ ಹಾಡಿದ್ದ ಪದ ಹುಡುಕಿ, ತಾಲ್ಲೂಕು ಹೋಬಳಿ ಎಲ್ಲಾ ನೋಡಿ, "ಇದೇನಮ್ಮ, ಏನೂ ಬದಲಾಗೇ ಇಲ್ಲ" ಅಂದರು. ದುಡ್ಡು ಯಾಕೆ ಕೊಡಬೇಕು ಅನ್ನೋ ಅನುಮಾನ ಆ ಮಾತಿನ ಒಳಗೆ ಇತ್ತು. ಬದಲಾಗದೇ ಇರೋ ಹಾಗೆ ಮಾಡಿದ್ದಕ್ಕೇ ಸರ್ ದುಡ್ಡು ಅಂದೆ. ಕೊಟ್ಟರು.

ಸಣ್ಣ ಗುಂಪಿನದು ಅನ್ನೋ ಭಯ ನನಗಿಲ್ಲವೇ ಅಂದರೆ, ಇದೆ. ನಾಳೆ ಅವರೂ ಸುಸ್ತಾಗಬಹುದು. 'ಬಿ2' ಬರೆದವರ ಸದ್ದು ನಿಂತಾಗಲೂ ಜನಕ್ಕೆ ಇದೇ ಭಯ ಇತ್ತು. ಪರವಾನಗಿ ಕಾಗದದಲ್ಲಿ ಇನ್ನೊಬ್ಬರು ಎತ್ತಿಕೊಂಡು ಹೋಗಬಹುದು ಅಂತ ಬರೆದಿದ್ದರಿಂದ ಕೆಲಸ ಮುಂದುವರೀತು.

ಒಂದು ಬಾಕಿ ಉಳಿದಿದೆ. ಪದ ಕೇಳಿಸುವಾಗ ಆ ಸಾಲು ಪರದೆ ಮೇಲೆ ಎದ್ದು ಕಾಣೋ ಹಾಗೆ ಮಾಡೋ ಒಂದು ಪುಟ್ಟ ಮಾಡ್ಯೂಲ್ ಏಳರಲ್ಲಿತ್ತು. ಅದನ್ನು ಬ್ಯಾಕ್‌ಡ್ರಾಪ್‌ಗೆ ಯಾರೂ ತಂದಿಲ್ಲ. ಬರೆದವರು ವರ್ಷಗಳಿಂದ ಆ ಕಡೆ ತಲೆ ಹಾಕಿಲ್ಲ. ಮೇಷ್ಟ್ರು ವಾರಕ್ಕೊಂದು ಸಲ ಅದನ್ನೇ ಕೇಳ್ತಾರೆ. ಕೋಡ್ ತೆರೆದು ನೋಡಿದೆ, ಬದಲಾಯಿಸಬೇಕಾದ್ದು ಬಹಳ ಇಲ್ಲ, ಸೆಟ್ಟಿಂಗ್ ಉಳಿಸೋ ಭಾಗ ಮತ್ತೆ ಬರೀಬೇಕು. ಕೋಡ್ ಹಂಚಿಕೊಳ್ಳೋ ತಾಣ ಗಿಟ್‌ಹಬ್‌ನಲ್ಲಿ ಬ್ಯಾಕ್‌ಡ್ರಾಪ್ ಮಾಡ್ಯೂಲ್ ಬರೆಯೋರ ಗುಂಪಿಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ್ದೀನಿ. ನಮ್ಮ ಹುಡುಗಿಗೆ ಜಾವಾಸ್ಕ್ರಿಪ್ಟ್ ನನಗಿಂತ ಚೆನ್ನಾಗಿ ಬರುತ್ತೆ, ಆ ಭಾಗ ಅವಳಿಗೆ ಕೊಟ್ಟಿದ್ದೀನಿ. ಏಳರಲ್ಲಿ ಕನ್ನಡ ಸೈಟು ಇಟ್ಟುಕೊಂಡು ಇನ್ನೂ ಎಲ್ಲಿಗೆ ಹೋಗೋದು ಅಂತ ಯೋಚನೆ ಮಾಡ್ತಿರೋರು ಯಾರಾದರೂ ಇದ್ದರೆ ಬನ್ನಿ, ನಕಲು ಸೈಟು ಮಾಡೋ ವಿಧಾನ ತೋರಿಸ್ತೀನಿ. ಭಾನುವಾರ ಬೇಡ, ಜೆರಾಕ್ಸ್ ಅಂಗಡಿಯವರು ಷಟರ್ ಎಳೆದಿರ್ತಾರೆ, ಮೆಟ್ಟಿಲು ಅವರ ಅಂಗಡಿ ಒಳಗಿಂದ.